ತುಟಿ ದಾಟಿಸುವ ತಂತಿ

ನಮ್ಮ ಮನೆಯಲ್ಲಿ ಇಂಟರ್ನೆಟ್ ಸರಿಯಿದೆಯೋ ಇಲ್ಲವೋ ಎಂದು ನೋಡಲು ಇದ್ದದ್ದು ಒಂದೇ ವಿಧಾನ. ಯಾರಿಗಾದರೂ ವಿಡಿಯೋ ಕರೆ ಮಾಡಿ, "ಹಲೋ, ಕೇಳಿಸ್ತಿದ್ಯಾ?" ಎಂದು ಕೂಗುವುದು. ಆ ಕಡೆಯಿಂದ "ಕೇಳಿಸ್ತಿದೆ" ಎಂದು ಬಂದರೆ ನೆಟ್ ಸರಿಯಿದೆ, ಬರದಿದ್ದರೆ ಇಲ್ಲ. ಸಂಜೆ ಚಹಾ ಮುಗಿದ ಮೇಲೆ ಅತ್ತೆ ತಮ್ಮ ಕೋಣೆಯಿಂದ "ನೆಟ್ ಇಲ್ಲವಾ, ನೆಟ್ ಹೋತು" ಎಂದು ಕೂಗಿದಾಗಲೆಲ್ಲ ನಾನೋ ಮಗಳೋ ಹೋಗಿ ಈ ಪರೀಕ್ಷೆ ನಡೆಸಿ, ನೆಟ್ ಇದೆ ಎಂದು ತೀರ್ಪು ಕೊಟ್ಟು ಎದ್ದು ಬರುತ್ತಿದ್ದೆವು. ಅತ್ತೆಗೆ ಕಿವಿ ಕೇಳಿಸುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು. ಆದರೂ ಆ ಪರೀಕ್ಷೆಯಲ್ಲಿ ಏನೋ ಎಡವಟ್ಟಿದೆ ಎಂದು ಯಾರ ತಲೆಗೂ ಹೊಳೆಯಲಿಲ್ಲ.

ನಾನು ಮೈಸೂರಿನವಳು, ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ಕೊಚ್ಚಿಗೆ ಬಂದು ಪಾಲಾರಿವಟ್ಟಂನ ಒಂದು ಒಳರಸ್ತೆಯಲ್ಲಿ ಹಳೆಯ ಮನೆಯೊಂದರ ಕೆಳಭಾಗವನ್ನು ಬಾಡಿಗೆಗೆ ಹಿಡಿದೆವು. ಮೇಲೆ ಮನೆಯ ಒಡತಿ, ನಮಗೆಲ್ಲ ಚೇಚಿ, ಎಂದರೆ ಅಕ್ಕ. ನನ್ನ ಗಂಡ ಗದಗಿನವರು, ತಿರುವನಂತಪುರದ ಬಾಹ್ಯಾಕಾಶ ಕೇಂದ್ರದಲ್ಲಿ ವಿಜ್ಞಾನಿ. ಅಲ್ಲಿ ಅವರದು ಒಂಟಿ ಕೋಣೆಯ ಕ್ವಾರ್ಟರ್ಸ್. ಶನಿವಾರ ರೈಲು ಹತ್ತಿ ಬಂದು ಸೋಮವಾರ ಬೆಳಗಾಗುವ ಮೊದಲೇ ಹೊರಡುತ್ತಾರೆ. ಹಾಗಾಗಿ ಅತ್ತೆ ಇರುವುದು ಮಗನ ಜೊತೆಗಲ್ಲ, ನನ್ನ ಮತ್ತು ಮೊಮ್ಮಗಳ ಜೊತೆಗೆ. ನಾವು ಮೂವರೂ ಸ್ವಲ್ಪ ಸಿಡುಕಿನವರೇ. ಮನೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಬಹುದು.

ಅತ್ತೆ ಇನ್ನೂ ಗಟ್ಟಿಮುಟ್ಟಾಗಿದ್ದ ವಯಸ್ಸಿನಲ್ಲಿ ಯಾವುದೋ ಜ್ವರ ಬಂದು, ಅದಕ್ಕೆ ಕೊಟ್ಟ ಇಂಜೆಕ್ಷನ್ನುಗಳು ಜೀವ ಉಳಿಸಿ ಕಿವಿ ತೆಗೆದುಕೊಂಡು ಹೋದವು. ಯಂತ್ರ ಹಾಕಿದರೂ ಉಪಯೋಗವಿಲ್ಲ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಅವರ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ತಂಗಿಯನ್ನು ಒಲೆಯ ಪಕ್ಕ ಎದುರಿಗೆ ಕೂರಿಸಿಕೊಂಡು ರೊಟ್ಟಿ ಬಡಿಯುತ್ತ ಮಾತಾಡತೊಡಗಿದರಂತೆ. ಕೇಳಿಸಲಿ ಬಿಡಲಿ, ದಿನವಿಡೀ ಮಾತು. ಊರಿನ ಸುದ್ದಿ, ಎಮ್ಮೆಯ ಸುದ್ದಿ, ಅವರಿವರ ಮೇಲೆ ಚಾಡಿ. "ಆ ಚಾಡಿ ತಿಳ್ಕೊಬೇಕನ್ನೋ ಆಸೇಕ ನಾ ತುಟಿ ಓದೂದು ಕಲ್ತೆ" ಎಂದು ಅತ್ತೆ ಈಗಲೂ ಹೇಳಿ ನಗುತ್ತಾರೆ. ಹಾಗೆ ಕಲಿತವರು ಗದಗಿನ ಸಂತೆ, ಬಸ್‌ಸ್ಟ್ಯಾಂಡು, ದವಾಖಾನೆ ಎಲ್ಲವನ್ನೂ ಒಬ್ಬರೇ ನಿಭಾಯಿಸಿದರು. ಎದುರಿಗಿದ್ದವರಿಗೆ ಇವರು ಕಿವುಡಿ ಎಂಬುದೇ ಎಷ್ಟೋ ಹೊತ್ತು ಗೊತ್ತಾಗುತ್ತಿರಲಿಲ್ಲವಂತೆ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಮೈಸೂರು ಕನ್ನಡ ಅವರಿಗೆ ಹತ್ತುತ್ತಿರಲಿಲ್ಲ. "ತುಟಿ ಬಿಚ್ಚಿ ಮಾತಾಡವಾ, ಹಲ್ಲಿನಾಗ ಇಟಗೊಂಡು ಮಾತಾಡಬ್ಯಾಡ" ಎಂದು ಬೈದು ಬೈದು ನನ್ನನ್ನು ತಿದ್ದಿದರು.

ಕೊಚ್ಚಿಗೆ ಬಂದಾಗ ಅವರ ಕಿವಿ ಎರಡನೇ ಸಲ ಹೋಯಿತು. ಇಲ್ಲಿನ ತುಟಿಗಳು ಆಡುವುದು ಮಲಯಾಳ. ಮೀನಿನವನು, ಚೇಚಿ, ಅಂಗಡಿಯವರು, ಪಕ್ಕದ ಮನೆಯ ಮಕ್ಕಳು ಎಲ್ಲರೂ ಮಾತಾಡುತ್ತಾರೆ, ಒಂದಕ್ಷರ ತಿಳಿಯುವುದಿಲ್ಲ. "ಇವರ ತುಟಿ ಓಡತಾವು, ಎಲ್ಲೂ ನಿಂದ್ರಂಗಿಲ್ಲ" ಎನ್ನುತ್ತಿದ್ದರು. ಮೊಮ್ಮಗಳು ಕೂಡ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲೇ ಉತ್ತರ ಕೊಡುವವಳು. ಅಜ್ಜಿ ಗಲ್ಲ ಹಿಡಿದು ತಿರುಗಿಸಿದರೆ ಮಾತ್ರ ಕನ್ನಡ ಹೊರಡುತ್ತಿತ್ತು. ಒಂದು ಭಾನುವಾರ ಫೋರ್ಟ್ ಕೊಚ್ಚಿಗೆ ಕರೆದುಕೊಂಡು ಹೋಗಿದ್ದೆವು. ದಂಡೆಯ ಮೇಲೆ ಎಲ್ಲೆಲ್ಲಿಯವರೋ ಏನೇನೋ ಭಾಷೆ ಆಡುತ್ತಿದ್ದುದನ್ನು ನೋಡಿ ಅತ್ತೆಗೆ ಬಹಳ ಖುಷಿಯಾಯಿತು. ಇಲ್ಲಿ ಯಾರ ಮಾತು ಯಾರಿಗೂ ತಿಳಿಯುವುದಿಲ್ಲ, ಎಲ್ಲರೂ ನನ್ನ ಹಾಗೆಯೇ ಎಂದರು.

ಹೀಗಾಗಿ ಇಡೀ ದಿನದಲ್ಲಿ ಅವರಿಗೆ ಸಿಗುತ್ತಿದ್ದ ನಿಜವಾದ ಮಾತುಕತೆ ಒಂದೇ, ಸಂಜೆ ಗದಗಿನ ಅಕ್ಕನ ಜೊತೆ ವಿಡಿಯೋ ಕರೆ. ಮನೆಯ ಹಿಂಭಾಗದ ಕೋಣೆಯಲ್ಲಿ, ಮೇಜಿನ ಮೇಲೆ ಟ್ಯಾಬ್ಲೆಟ್ಟನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿಕೊಂಡು ಕೂರುತ್ತಿದ್ದರು. ಗದಗಿನ ಪಡಸಾಲೆಯಲ್ಲಿ ದೊಡ್ಡತ್ತೆ ಕೂರುತ್ತಿದ್ದರು. ಅದೇನು ಮಾತೋ, ಮುಗಿಯುತ್ತಲೇ ಇರಲಿಲ್ಲ.

ತುಲಾ ಮಾಸದಲ್ಲಿ, ಅಂದರೆ ದೀಪಾವಳಿಯ ಆಚೀಚೆ, ಕೊಚ್ಚಿಯಲ್ಲಿ ಸಂಜೆಯಾದರೆ ಗುಡುಗು. ಗುಡುಗಿದ ಕೂಡಲೇ ಇಲ್ಲಿನವರು ಟಿವಿ, ಫ್ರಿಜ್ಜು, ನೆಟ್ಟು ಎಲ್ಲದರ ಪ್ಲಗ್ ಕೀಳುತ್ತಾರೆ. ಅತ್ತೆಗೆ ಗುಡುಗು ಕೇಳುವುದಿಲ್ಲವಲ್ಲ ಎಂಬ ಕಾಳಜಿಗೆ ಚೇಚಿ ಮೇಲಿಂದ "ಅಮ್ಮೇ, ಇಡಿ ವೆಟ್ಟುನ್ನು", ಗುಡುಗುತ್ತಿದೆ, ಎನ್ನುತ್ತ ಓಡಿಬಂದು ನಮ್ಮ ಪ್ಲಗ್ಗುಗಳನ್ನೂ ಕಿತ್ತು ಹೋಗುತ್ತಿದ್ದರು. ನಾನು ಬ್ಯಾಂಕಿನಿಂದ ಬರುವಷ್ಟರಲ್ಲಿ ಅತ್ತೆ ಮುಖ ಊದಿಸಿಕೊಂಡು ಕೂತಿರುತ್ತಿದ್ದರು. "ಅಕ್ಕ ಏನೋ ಹೇಳಾಕತ್ತಿದ್ಲು. ಈಕಿ ಬಂದು ಬಾಯಿಗೆ ಬಟ್ಟಿ ತುರಕಿದಂಗ ಮಾಡಿದ್ಲು." ಆದ್ದರಿಂದ ಅವರು ನೆಟ್ ಹೋಯಿತು ಎಂದಾಗಲೆಲ್ಲ ನಾವು ಗುಡುಗಿನ ಲೆಕ್ಕಕ್ಕೆ ಹಾಕಿಬಿಡುತ್ತಿದ್ದೆವು. ಬೇಸಿಗೆಯಲ್ಲೂ ಅವರು ಹಾಗೆಯೇ ಕೂಗಿದರೆ ವಯಸ್ಸಿನ ಲೆಕ್ಕಕ್ಕೆ. "ಅಮ್ಮೇ, ನೆಟ್ಟುಂಡಲ್ಲೋ" ಎಂದು ಮಗಳು ಒಳಗಿನಿಂದಲೇ ಸಾರುತ್ತಿದ್ದಳು. ನೆಟ್ ಇದೆ, ಅಜ್ಜಿ ಸುಮ್ಮನೆ ಹೇಳುತ್ತಾರೆ ಎಂದು ಅದರ ಅರ್ಥ.

ಒಂದು ಸಂಜೆ ಚಹಾದ ಲೋಟ ತೆಗೆಯಲು ಅತ್ತೆಯ ಕೋಣೆಗೆ ಹೋದೆ. ಅಕ್ಕತಂಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪರದೆಯ ಮೂಲೆಯಲ್ಲಿ ದೊಡ್ಡತ್ತೆಯ ಮೈಕ್ ಬಂದ್ ಆಗಿರುವ ಕೆಂಪು ಗುರುತು. ನನ್ನ ಕಿವಿಗೆ ಅವರ ಕಡೆಯ ಸದ್ದು ಒಂದಿಷ್ಟೂ ಬೀಳುತ್ತಿರಲಿಲ್ಲ. "ಅತ್ತೆ, ಅವ್ರ ಮೈಕ್ ಬಂದ್ ಆಗಿದೆ, ಏನೂ ಕೇಳಿಸ್ತಿಲ್ಲ" ಎಂದೆ. ಅತ್ತೆ ನನ್ನ ತುಟಿ ನೋಡಿ, "ನಿನಗ ಕೇಳದಿದ್ರ ಚೊಲೋನ ಆತು ಬಿಡು, ನಿನ್ನ ಸುದ್ದೀನ ನಡದೈತಿ" ಎಂದರು. ನಾನು ಲೋಟ ಹಿಡಿದುಕೊಂಡು ನಿಂತೇ ಇದ್ದೆ. ನನಗೆ ಬರೀ ಬಾಯಿ ಆಡಿಸುವ ಮುದುಕಿಯೊಬ್ಬಳು ಕಾಣುತ್ತಿದ್ದಳು. ಇವರಿಗೆ ಅಲ್ಲಿಂದ ಇಡೀ ಕಥೆ ಬರುತ್ತಿತ್ತು, ವ್ಯಂಗ್ಯದ ಸಮೇತ. ಕಿವಿಯಿದ್ದ ನಾನು ಆ ಕೋಣೆಯಲ್ಲಿ ಆಗ ಏನೂ ಕೇಳದವಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ವಿದ್ಯೆ ಎಷ್ಟು ದೊಡ್ಡದೆಂದು ನಾನು ಯೋಚಿಸಿಯೇ ಇರಲಿಲ್ಲ.

ಅದಾಗಿ ಸ್ವಲ್ಪ ಕಾಲಕ್ಕೆ ಗದಗಿನಿಂದ ಕೆಟ್ಟ ಸುದ್ದಿ ಬಂತು. ದೊಡ್ಡತ್ತೆಯ ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಕುತ್ತಿಗೆಯಲ್ಲಿ ಉಸಿರಾಡಲು ತೂತು ಮಾಡುತ್ತಾರೆ, ಇನ್ನು ಮೇಲೆ ಮಾತು ಬರುವುದಿಲ್ಲ. ಗಂಡ ತಿರುವನಂತಪುರದಿಂದ ಫೋನ್ ಮಾಡಿ ನನಗೆ ಹೇಳಿದರು. ಅಮ್ಮನಿಗೆ ನೀನೇ ಹೇಳು, ನಿನ್ನ ಬಾಯಿ ಅವಳಿಗೆ ರೂಢಿಯಾಗಿದೆ ಎಂದರು. ಇಂಥ ಕೆಲಸವೆಲ್ಲ ನನ್ನ ಪಾಲಿಗೇ.

ಹೇಳಿದೆ. ಅತ್ತೆ ಟ್ಯಾಬ್ಲೆಟ್ಟನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಕೇಳಿದರು, "ತುಟಿಗೇನೂ ಆಗಂಗಿಲ್ಲ ಹೌದಿಲ್ಲೋ?"

"ಇಲ್ಲ ಅತ್ತೆ, ತುಟಿ, ನಾಲಿಗೆ ಎಲ್ಲಾ ಇರತ್ತೆ. ಸ್ವರ ಒಂದು ಹೋಗತ್ತೆ."

"ಆಕಿ ದನಿ ನನ್ನ ಪಾಲಿಗೆ ಹೋಗಿ ಯಾವ ಕಾಲ ಆತು. ನನಗೇನೂ ಫರಕ ಆಗಂಗಿಲ್ಲ." ಹಾಗೆಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಆದ್ರ ಆ ಮನಿಯವರು ಏನ ಮಾಡತಾರ? ಆಕಿ ಸಾಲಿ ಕಲ್ತಾಕಿ ಅಲ್ಲ, ಬರದು ತೋರಿಸಾಕ ಬರಂಗಿಲ್ಲ. ಅವರ್ಯಾರಿಗೂ ತುಟಿ ಓದಾಕ ಬರಂಗಿಲ್ಲ. ಆಕೀ ಮಾತ ನಾನ ಹೇಳಬೇಕು. ನನ್ನ ನೆಟ್ ಸರಿ ಮಾಡಿಕೊಡ್ರಿ."

ಆಗ ನನಗೆ ತಿಳಿಯಿತು. ದೊಡ್ಡತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರು ಹೇಳಿದ್ದನ್ನು ಅವರ ಮನೆಯವರಿಗೆ ತಿಳಿಸಬಲ್ಲವರು ಪ್ರಪಂಚದಲ್ಲಿ ಒಬ್ಬರೇ. ಆ ಒಬ್ಬರಿಗೆ ಕಿವಿಯಿಲ್ಲ, ಇರುವುದು ಕೊಚ್ಚಿಯಲ್ಲಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ನಡುವೆ ಇರುವುದು ನಮ್ಮ ಈ ಹಾಳು ನೆಟ್ಟು.

"ನೆಟ್ ಸರಿಯಾಗೇ ಇದೆಯಲ್ಲ ಅತ್ತೆ" ಎಂದು ಬಾಯಿತುದಿಗೆ ಬಂದ ಮಾತನ್ನು ಈ ಸಲ ನುಂಗಿಕೊಂಡೆ. "ನಿಮಗೆ ಏನಾಗತ್ತೆ, ತೋರಿಸಿ" ಎಂದೆ. ಅವರು ಎದ್ದು ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಟ್ಯಾಬ್ಲೆಟ್ಟಿನ ಸದ್ದನ್ನು ಪೂರ್ತಿ ಇಳಿಸಿ, ದೊಡ್ಡತ್ತೆಗೆ ಕರೆ ಮಾಡಿದರು.

ಮೊದಲು ಮುಖ ಸ್ಪಷ್ಟವಾಗಿ ಬಂತು. ದೊಡ್ಡತ್ತೆ ಬಾಯಿ ತೆರೆದರು. ಅಷ್ಟರಲ್ಲಿ ಮುಖ ಚೌಕಚೌಕವಾಗಿ ಒಡೆದು, ತುಟಿಯಿದ್ದ ಜಾಗದಲ್ಲಿ ಒಂದು ಕಂದು ಬಣ್ಣದ ತೇಪೆ ಉಳಿಯಿತು. ಮತ್ತೆ ಮುಖ ಕೂಡಿಕೊಂಡಾಗ ಬಾಯಿ ಅರ್ಧ ತೆರೆದು ಹಾಗೇ ನಿಂತಿತ್ತು. ನಿಂತೇ ಇತ್ತು. ಆಮೇಲೆ ಒಮ್ಮೆಲೇ ಜಿಗಿದು ಎಲ್ಲೋ ಮುಂದಿನ ಮಾತಿಗೆ ಹೋಯಿತು. ನಾನು ಸದ್ದು ಏರಿಸಿದೆ. ದೊಡ್ಡತ್ತೆಯ ದನಿ ಆಗಲೇ ಒಡೆದು ಗೊಗ್ಗರಾಗಿತ್ತು, ಆದರೂ ಒಂದು ಮಾತೂ ತಪ್ಪದೆ ನೀರಿನಂತೆ ಹರಿದು ಬರುತ್ತಿತ್ತು. ಸದ್ದು ಇಳಿಸಿದೆ. ಮತ್ತೆ ಅದೇ ನಿಂತ ಬಾಯಿ. ನಾವು ಪರೀಕ್ಷೆ ಮಾಡಿ "ಕೇಳಿಸ್ತಿದೆ, ನೆಟ್ ಇದೆ" ಎಂದು ಎದ್ದು ಹೋದಾಗಲೆಲ್ಲ ಅತ್ತೆ ಈ ನಿಂತ ಬಾಯಿಯನ್ನು ನೋಡಿಕೊಂಡು ಕೂತಿರುತ್ತಿದ್ದರು.

ಗಂಡನಿಗೆ ಫೋನ್ ಮಾಡಿ ರೇಗಿದೆ. "ಮಾತು ಚೆನ್ನಾಗ್ ಬರತ್ತೆ, ಮುಖ ಬರಲ್ಲ. ಇದೆಂಥ ನೆಟ್ಟು?"

ಅವರು ತಗ್ಗಿದ ದನಿಯಲ್ಲಿ ಹೇಳಿದರು. "ಅದನ್ನ ಹಂಗ ಮಾಡಿರತಾರ. ನೆಟ್ ಕಮ್ಮಿ ಬಿದ್ರ ಮೊದಲ ಮಾತಿಗೆ ದಾರಿ ಬಿಡತದ. ಮಾರಿ ಹಿಂದ ಉಳೀತದ. ಮಾತು ಕೇಳಿಸಿದ್ರ ಸಾಕು, ಮಾರಿ ಇಲ್ಲಂದ್ರ ನಡೀತದ ಅಂತ ಅವರ ಲೆಕ್ಕ." ಮತ್ತೆ ತಾವೇ, "ಅವ್ವನ ಲೆಕ್ಕ ಉಲ್ಟಾ ಅದಲ್ಲ" ಎಂದರು. ಈ ಮನುಷ್ಯ ಆಕಾಶದಲ್ಲಿ ಸುತ್ತುವ ಉಪಗ್ರಹದ ಜೊತೆ ಮಾತಾಡುವ ಕಚೇರಿಯವರು. ಹಜಾರದಿಂದ ಹಿಂದಿನ ಕೋಣೆಗೆ ಮುಖ ದಾಟಿಸಲು ಆಗಿಲ್ಲವಲ್ಲ ಎಂದು ಚುಚ್ಚಿದೆ. ಆಕಾಶದಲ್ಲಿ ಬಚ್ಚಲುಮನೆ ಇರುವುದಿಲ್ಲ ಎಂದರು.

ತಮಾಷೆಗೆ ಹೇಳಿದ್ದಾದರೂ ಅದು ನಿಜವೇ ಆಗಿತ್ತು. ಫೋನಿನಲ್ಲಿ ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು ಮನೆಯಿಡೀ ಓಡಾಡಿದೆ. ರೂಟರ್ ಇದ್ದದ್ದು ಮುಂಬಾಗಿಲ ಪಕ್ಕ, ಕನ್ನಡಿ ಕೂರಿಸಿದ ಶೋಕೇಸಿನ ಒಳಗೆ. ಧೂಳು ಬೀಳದಿರಲೆಂದು ಅಲ್ಲಿ ಇಟ್ಟವಳು ನಾನೇ. ಅಲ್ಲಿಂದ ಅತ್ತೆಯ ಕೋಣೆಗೆ ಬರುವ ದಾರಿಯಲ್ಲಿ ಉಕ್ಕಿನ ಬೀರು, ಫ್ರಿಜ್ಜು, ಟೈಲ್ಸು ಹಾಕಿದ ಬಚ್ಚಲುಮನೆ, ಅದರ ತುಂಬಾ ನೀರಿನ ಡ್ರಮ್ಮು, ಕೊನೆಗೆ ದಪ್ಪನೆಯ ಕೆಂಪುಕಲ್ಲಿನ ಗೋಡೆ. ಹೆಜ್ಜೆಯಿಡುತ್ತಾ ಹೋದಂತೆ ಪರದೆಯ ಮೇಲಿನ ಹಸಿರು ಗೆರೆ ಕುಸಿಯುತ್ತಾ ಬಂದು ಅತ್ತೆಯ ಮಂಚದ ಹತ್ತಿರ ನೆಲ ಹಿಡಿಯಿತು. ಕಣ್ಣಿಗೆ ಕಾಣದ ಒಂದು ಬೆಳಕು ನಮ್ಮ ಮನೆ ತುಂಬ ಹರಡಿಕೊಂಡಿತ್ತು, ಅದಕ್ಕೂ ನೆರಳುಗಳಿದ್ದವು, ಅತ್ತೆ ಅಷ್ಟು ದಿನವೂ ಬಚ್ಚಲುಮನೆಯ ನೆರಳಿನಲ್ಲಿ ಕೂತಿದ್ದರು. ಆ ಫೋನ್ ಹಿಡಿದುಕೊಂಡು ನಮ್ಮದೇ ಮನೆಯನ್ನು ಮೊದಲ ಸಲ ನೋಡಿದ ಹಾಗಾಯಿತು. ಮಗಳೂ ಬೆರಗಾಗಿ ನನ್ನ ಹಿಂದೆಯೇ ಸುತ್ತಿದಳು.

"ಹಜಾರದಲ್ಲೇ ಕೂತ್ಕೊಳಿ ಅತ್ತೆ" ಎಂದೆ. ಒಪ್ಪಲಿಲ್ಲ. ಅಲ್ಲಿ ಕಿಟಕಿ ಪರದೆಯ ಎದುರಿಗೆ ಬರುತ್ತದೆ, ಗಾಜು ಹೊಳೆದು ತುಟಿ ಕಾಣುವುದಿಲ್ಲ, ಹಿಂದಿನ ಕೋಣೆಯ ಮಬ್ಬು ಬೆಳಕೇ ತುಟಿಗೆ ಸರಿ ಎಂದರು. ಕೂತು ನೋಡಿದೆ, ಅವರು ಹೇಳಿದ್ದು ಸರಿಯಿತ್ತು.

ಗಂಡ ಸಿಗ್ನಲ್ ಹಿಗ್ಗಿಸುವ ಒಂದು ಪುಟ್ಟ ಪೆಟ್ಟಿಗೆ ತಂದು ನಡುವಿನ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರು. ಹಸಿರು ಗೆರೆ ಎದ್ದು ನಿಂತಿತು, ಮುಖ ಮಾತ್ರ ಮೊದಲಿಗಿಂತ ಹೆಚ್ಚು ಒಡೆಯಿತು. ಆ ಪೆಟ್ಟಿಗೆ ಕೇಳಿಸಿಕೊಂಡು ಮತ್ತೆ ಹೇಳುವಂಥದ್ದು, ಎರಡೂ ಕೆಲಸ ಒಂದೇ ಬಾಯಲ್ಲಿ, ಅದಕ್ಕೇ ತಡವರಿಸುತ್ತದೆ ಎಂದರು. ಇನ್ನು ಗಾಳಿಯನ್ನು ನಂಬುವುದು ಬೇಡ, ತಂತಿಯನ್ನೇ ಎಳೆಯೋಣ ಎಂದು ತೀರ್ಮಾನವಾಯಿತು.

ಎರಡನೇ ಶನಿವಾರ ಬ್ಯಾಂಕಿಗೆ ರಜೆ. ತಂತಿಯ ಅಳತೆಯನ್ನು ಗಂಡನ ಅಂದಾಜಿಗೆ ಬಿಡಲು ಮನಸ್ಸಾಗದೆ ನಾನೇ ತಿರುವನಂತಪುರಕ್ಕೆ ಹೋದೆ. ಇಬ್ಬರೂ ಚಾಲೈ ಪೇಟೆಗೆ ನುಗ್ಗಿದೆವು. ಈರುಳ್ಳಿ ಮೂಟೆ, ಹಿತ್ತಾಳೆ ಪಾತ್ರೆ, ಬಾಳೆಗೊನೆಗಳ ನಡುವೆ ದಾರಿ ಮಾಡಿಕೊಂಡು ಒಂದು ಎಲೆಕ್ಟ್ರಿಕ್ ಅಂಗಡಿ ಸೇರಿದೆವು. ಅಂಗಡಿಯವರು ತಂತಿಯ ಸುರುಳಿಯಿಂದ ಮಾರು ಹಾಕಿ ಎಳೆದು, ಎರಡೂ ತುದಿಗೆ ಪ್ಲಗ್ ಕೂರಿಸಿ, ಪರೀಕ್ಷೆ ಮಾಡಿ ಕೊಟ್ಟರು. ಬೇಕಾದಷ್ಟಕ್ಕಿಂತ ಉದ್ದ ಇರಲಿ, ಕಡಿಮೆ ಬಿದ್ದರೆ ಅತ್ತೆಯ ಬಾಯಿಗೆ ಉತ್ತರ ಕೊಡುವುದು ಯಾರು ಎಂದು ನಾನು ಇನ್ನೆರಡು ಮಾರು ಹಾಕಿಸಿದೆ. ಕ್ವಾರ್ಟರ್ಸಿನಲ್ಲಿ ಧೂಳು ತಿನ್ನುತ್ತಿದ್ದ ಗಂಡನ ಹಳೆಯ ರೂಟರನ್ನೂ ಚೀಲಕ್ಕೆ ಹಾಕಿಕೊಂಡು ಇಬ್ಬರೂ ಕೊಚ್ಚಿಯ ರೈಲು ಹತ್ತಿದೆವು.

ಗೋಡೆ ಕೊರೆಯಬಾರದೆಂದು ಚೇಚಿಯ ಕಟ್ಟಪ್ಪಣೆ. ತಂತಿಯನ್ನು ಶೋಕೇಸಿನಿಂದ ಬಾಗಿಲ ಚೌಕಟ್ಟಿನ ಮೇಲೆ ಹಾಯಿಸಿ, ಬಚ್ಚಲುಮನೆಯ ಗವಾಕ್ಷಿಯೊಳಗಿಂದ ತೂರಿಸಿ, ಅತ್ತೆಯ ಕೋಣೆಗೆ ಇಳಿಸಿದೆವು. ಅಲ್ಲಿ ಹಳೆಯ ರೂಟರ್ ಸಿಕ್ಕಿಸಿ ಚಾಲೂ ಮಾಡಿದ್ದೇ ತಡ, ಮನೆಯ ನೆಟ್ಟೆಲ್ಲ ನೆಗೆದುಬಿತ್ತು. ನನ್ನ ಫೋನಿಗೆ ಬಂದರೆ ಮಗಳ ಫೋನಿಗಿಲ್ಲ, ಅವಳಿಗೆ ಬಂದರೆ ಟ್ಯಾಬ್ಲೆಟ್ಟಿಗಿಲ್ಲ. ವಿಜ್ಞಾನಿಗಳು ಲ್ಯಾಪ್‌ಟಾಪ್ ಮುಂದೆ ತಲೆ ಕೆರೆದುಕೊಂಡು ಕೂತರು. ಮನೆಯ ಪ್ರತಿಯೊಂದು ಯಂತ್ರಕ್ಕೂ ರೂಟರ್ ಒಂದೊಂದು ನಂಬರು ಕೊಡುತ್ತದೆ, ಆ ನಂಬರು ಹಿಡಿದೇ ಎಲ್ಲವೂ ಸಾಗುವುದು ಎಂದು ನನಗೆ ವಿವರಿಸುತ್ತಿದ್ದರು. "ಈಗ ನಂಬರ್ ಕೊಡೋರು ಇಬ್ರಾದ್ರಲ್ಲ?" ಎಂದೆ. ಬ್ಯಾಂಕಿನಲ್ಲಿ ಎರಡು ಕೌಂಟರಿನಲ್ಲಿ ಕೂತು ಇಬ್ಬರೂ ಒಂದರಿಂದ ಟೋಕನ್ ಹಂಚತೊಡಗಿದರೆ ಏನಾಗುತ್ತದೆ ಎಂದು ನಾನು ಕಂಡಿದ್ದೇನೆ. ಒಂದೇ ನಂಬರಿನ ಇಬ್ಬರು ಎದ್ದು ಬರುತ್ತಾರೆ, ಕೌಂಟರಿನ ಮುಂದೆ ಜಗಳ. ಗಂಡ ನನ್ನ ಮುಖವನ್ನೇ ನೋಡಿದರು. ಹಳೆಯ ರೂಟರಿಗೆ ಟೋಕನ್ ಹಂಚುವ ಕೆಲಸ ಬಿಡಿಸಿ, ಬರೀ ಬಾಗಿಲಲ್ಲಿ ನಿಲ್ಲಲು ಹೇಳಿದ ಮೇಲೆ ಎಲ್ಲ ಸರಿಹೋಯಿತು.

ಅತ್ತೆ ಗದಗಿಗೆ ಕರೆ ಮಾಡಿದರು. ದೊಡ್ಡತ್ತೆಯ ಮುಖ ಬಂತು, ನಿಂತಿತು, ಒಡೆಯಲಿಲ್ಲ. ತುಟಿಯ ಮೇಲಿನ ಸಣ್ಣ ಗೆರೆಗಳೂ ಕಂಡವು. ಅತ್ತೆ ಪರದೆಯ ಹತ್ತಿರಕ್ಕೆ ಬಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಆಕಿಗೆ ಒಂದ ಹಲ್ಲು ಬಿದ್ದೈತಿ, ನನಗ ಇಷ್ಟ ದಿನಾ ಕಂಡಿದ್ದಿಲ್ಲ" ಎಂದರು.

ಸೋಮವಾರ ಬೆಳಿಗ್ಗೆ ಬ್ಯಾಂಕಿಗೆ ಹೊರಟವಳು ಗೇಟಿನ ಹೊರಗೆ ಸುಮ್ಮನೆ ತಲೆಯೆತ್ತಿ ನೋಡಿದೆ. ಕರೆಂಟು ಕಂಬದಿಂದ ನಮ್ಮ ಮನೆಗೆ ಇಳಿದಿರುವ ತೆಳ್ಳನೆಯ ಕಪ್ಪು ತಂತಿ. ಅದರೊಳಗೆ ಕೂದಲೆಳೆಯಂಥ ಗಾಜು, ಗಾಜಿನೊಳಗೆ ಬೆಳಕು, ಅಷ್ಟೇ. ಒಬ್ಬ ಮುದುಕಿ ಗದಗಿನಲ್ಲಿ ತುಟಿ ಆಡಿಸಿದರೆ ಆ ಆಟ ಬೆಳಕಾಗಿ ಘಟ್ಟ ಇಳಿದು, ಎಷ್ಟೋ ಊರಿನ ಕಂಬ ದಾಟಿ, ಸರಿಯಾಗಿ ಈ ಗೇಟನ್ನೇ ಹುಡುಕಿಕೊಂಡು ಬಂದು, ಬಚ್ಚಲುಮನೆಯ ಗವಾಕ್ಷಿಯಲ್ಲಿ ನುಸುಳಿ, ಮತ್ತೆ ತುಟಿಯಾಗುತ್ತದೆ. ದಾರಿಯಲ್ಲಿ ಒಂದು ಗೆರೆಯೂ ಕಳೆಯುವುದಿಲ್ಲ. ದಿನಾ ಬಿಲ್ ಕಟ್ಟುವ, ಬೈಯುವ ವಸ್ತು ಇಷ್ಟು ದೊಡ್ಡದೇ ಎನ್ನಿಸಿ ಅಲ್ಲೇ ನಿಂತೆ. ಬಸ್ಸು ತಪ್ಪಿತು. ಬೇಸರವಾಗಲಿಲ್ಲ.

ಆಪರೇಷನ್ ಆಯಿತು. ದೊಡ್ಡತ್ತೆ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಕರೆ ಸಾಧ್ಯವಾಗಲಿಲ್ಲ. ಮನೆಗೆ ಬಂದ ಮೇಲೂ ಅವರ ಸೊಸೆ ಇವತ್ತು ಬೇಡ, ನಾಳೆ ಮಾಡೋಣ ಎಂದು ಮುಂದೂಡಿದಳು. ಅತ್ತಿ ಯಾವಾಗಲೂ ಅಳುತ್ತಾರೆ, ಏನೋ ಹೇಳುತ್ತಾರೆ, ನಮಗೆ ತಿಳಿಯುವುದಿಲ್ಲ, ಕೇಳಿದ್ದಕ್ಕೆಲ್ಲ ಅಲ್ಲ ಅಲ್ಲ ಎಂದು ತಲೆಯಾಡಿಸುತ್ತಾರೆ ಎಂದಳು. ಅತ್ತೆ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಕರೆ ಮಾಡುವುದೆಂದಾಯಿತು. ಗಂಡನೂ ಇದ್ದರು. ನಾವೆಲ್ಲ ಅತ್ತೆಯ ಕುರ್ಚಿಯ ಹಿಂದೆ ನಿಂತೆವು.

ಮುಖ ಬಂತು. ಕುತ್ತಿಗೆಗೆ ಬಿಳಿ ಬಟ್ಟೆ, ಕೆನ್ನೆ ಒಳಗೆ ಹೋಗಿತ್ತು. ತಂಗಿಯನ್ನು ಕಂಡದ್ದೇ ದೊಡ್ಡತ್ತೆಯ ತುಟಿ ಆಡತೊಡಗಿತು. ಅಷ್ಟರಲ್ಲಿ ಮುಖ ಚೌಕಚೌಕವಾಗಿ ಒಡೆಯಿತು, ನಿಂತುಹೋಯಿತು. ಅತ್ತೆ ಟ್ಯಾಬ್ಲೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, "ಏನ ಮಾಡಿದ್ರಿ, ಏನ ಮಾಡಿದ್ರಿ" ಎಂದು ನಮ್ಮ ಮೇಲೆ ಕೂಗಿದರು. ಗಂಡ ತಂತಿಯ ಎರಡೂ ತುದಿ ಒತ್ತಿ ನೋಡಿದರು. ನಾನು ನಮ್ಮ ನೆಟ್ಟಿನ ವೇಗ ಅಳೆದೆ. ನಮ್ಮ ಕಡೆ ಏನೂ ದೋಷವಿರಲಿಲ್ಲ.

"ಗದಗಿನ ಕಡೆಯದು" ಎಂದೆ. ಸೊಸೆಗೆ ಬೇರೆ ಫೋನಿನಲ್ಲಿ ಕರೆ ಮಾಡಿ, ದೊಡ್ಡತ್ತೆ ಎಲ್ಲಿ ಕೂತಿದ್ದಾರೆ ಎಂದು ಕೇಳಿದೆ. ಪಡಸಾಲೆಯಲ್ಲಲ್ಲ. ಗಂಟಲ ತೂತಿಗೆ ಧೂಳು ತಗಲಬಾರದು ಎಂದು ಡಾಕ್ಟರು ಹೇಳಿದ್ದಕ್ಕೆ, ಹಿಂದೆ ಜೋಳದ ಚೀಲ ಇಡುತ್ತಿದ್ದ ಕೋಣೆಯನ್ನು ತೊಳೆದು ಅಲ್ಲಿ ಮಂಚ ಹಾಕಿದ್ದರು. ಇಲಿಯ ಕಾಟಕ್ಕೆಂದು ಆ ಬಾಗಿಲಿಗೆ ಎಂದೋ ತಗಡು ಬಡಿದಿದ್ದರು. ಬಾಗಿಲು ಹಾಕಿತ್ತು.

"ತಗಡಿನ ಬಾಗಿಲು ದಾಟಿ ನೆಟ್ ಬರಲ್ಲ. ಆ ಬಾಗಿಲು ತೆಗೀರಿ ಒಂದ್ಸಲ" ಎಂದೆ.

"ಧೂಳ ಬರತದ ಅಕ್ಕಾರ."

"ಒಂದು ನಿಮಿಷ ತೆಗೀರಿ."

ಬಾಗಿಲು ತೆರೆದ ಸದ್ದು ಫೋನಿನಲ್ಲಿ ಕೇಳಿಸಿತು. ಟ್ಯಾಬ್ಲೆಟ್ಟಿನಲ್ಲಿ ಮುಖ ಕೂಡಿಕೊಂಡಿತು, ತಿಳಿಯಾಯಿತು. ದೊಡ್ಡತ್ತೆ ಬಾಗಿಲ ಕಡೆ ನೋಡಿ, ಮತ್ತೆ ತಂಗಿಯ ಕಡೆ ನೋಡಿ, ಬಹಳ ಬೇಗ ಬೇಗ ತುಟಿ ಆಡಿಸಿದರು. ಆದರೆ ಸದ್ದು ಕೇಳಿಸಿದ್ದು ನಮ್ಮ ಕೋಣೆಯಲ್ಲಿ. ಅತ್ತೆ, ಕಿವಿಯಿಲ್ಲದವರ ಏರಿಳಿತವಿಲ್ಲದ ದೊಡ್ಡ ದನಿಯಲ್ಲಿ, ಅಕ್ಕನ ತುಟಿಯಿಂದ ಕಣ್ಣು ಕೀಳದೆ ಹೇಳಿದರು.

"ಬಾಗಲಾ ಹಾಕಬ್ಯಾಡ್ರಿ. ಹಗಲೂ ಹಾಕತೀರಿ, ರಾತ್ರೀನೂ ಹಾಕತೀರಿ. ಮೊನ್ನೆ ನನಗ ಉಸರು ಕಟ್ಟಿತ್ತು. ಗಂಟಿ ಬಾರಿಸಿದ್ನಿ. ಬಾಗಲಾ ಹಾಕಿತ್ತು, ಯಾರಿಗೂ ಕೇಳ್ಲಿಲ್ಲ. ಕರಿಯಾಕ ನನಗ ದನಿ ಇಲ್ಲ. ಬಾಗಲಾ ಹಾಕಬ್ಯಾಡ್ರಿ."

ಅಕ್ಕ ಹೇಳುತ್ತಾಳೆ ಎಂದು ಸೇರಿಸಲಿಲ್ಲ. ಆ ಮಾತು ಅತ್ತೆಯದೇ ಎಂಬಂತೆ ಬಂತು. ಅಷ್ಟು ದೂರದ ಒಬ್ಬರ ಭಯ ಇವರ ಬಾಯಲ್ಲಿ ಮಾತಾಗಿ ಹೊರಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಗಂಡ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡರು.

ಪರದೆಯಲ್ಲಿ ದೊಡ್ಡತ್ತೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವರು ದಿನವೂ ಬಾಗಿಲ ಕಡೆ ಬೆರಳು ಮಾಡಿ ತೋರಿಸಿದ್ದರಂತೆ. ಗಾಳಿ ತಾಗುತ್ತಿದೆ ಎಂದುಕೊಂಡು ಮನೆಯವರು ಇನ್ನಷ್ಟು ಬಿಗಿಯಾಗಿ ಹಾಕಿದ್ದರು. ನೀರೇ, ಫ್ಯಾನೇ, ಹೊದಿಕೆಯೇ ಎಂದು ಕೈಸನ್ನೆ ಮಾಡಿ ಕೇಳಿದ್ದರು. ದನಿ ಹೋದ ದಿನದಿಂದ ಆ ಮನೆಯಲ್ಲಿ ಯಾರೂ ಅವರಿಗೆ ಬಾಯಿಬಿಟ್ಟು ಮಾತಾಡಿಯೇ ಇರಲಿಲ್ಲ, ಎಲ್ಲ ಕೈಸನ್ನೆ.

ಸೊಸೆ ಓಡಿಬಂದು ಪರದೆಯಲ್ಲಿ ಕಾಣಿಸಿಕೊಂಡಳು. ಅಳು ತಡೆಯಲಾಗದೆ ಬಿಕ್ಕುತ್ತ ನಮ್ಮ ಅತ್ತೆಯ ಕಡೆ ಮುಖ ಮಾಡಿ ಹೇಳಿದಳು. "ಇನ್ನ ಮ್ಯಾಲೆ ಎಂದೂ ಹಾಕಂಗಿಲ್ರಿ ಸಣ್ಣತ್ತಿ. ಅತ್ತಿಗೆ ಹೇಳ್ರಿ, ಬಾಗಲಾ ಹಾಕಂಗಿಲ್ಲ ಅಂತ ಹೇಳ್ರಿ."

ಅತ್ತೆ ಅವಳ ತುಟಿಯನ್ನೂ ಓದಿದರು.

"ನನಗ್ಯಾಕ ಹೇಳತಿ?" ಎಂದರು. "ಕಿವಿ ಹ್ವಾದಾಕಿ ನಾನು. ಆಕಿಗೆ ಚೊಲೋತ್ನಾಗಿ ಕೇಳತಾವ. ಆಕೀ ಕಡೆ ತಿರಗಿ ಹೇಳು."

ಸೊಸೆ ಕೆನ್ನೆ ಒರೆಸಿಕೊಂಡಳು. ಆಮೇಲೆ ತಿರುಗಿ, ಮಂಚದ ಅಂಚಿಗೆ ಕೂತು, ದೊಡ್ಡತ್ತೆಗೆ ಹೇಳಿದಳು.